ಕಂಚಿನ ಎತ್ತು, ಮಣ್ಣಿನ ಎತ್ತು

ಚೀನಾದ ಶಿಆನ್ ನಗರದ ಪಶ್ಚಿಮಕ್ಕೆ ಚೀಶಾನ್ ಎಂಬ ಸೀಮೆಯಿದೆ. 1967ರಲ್ಲಿ ಅಲ್ಲಿಯ ಹಳ್ಳಿಯೊಂದರ ನೆಲದೊಳಗೆ ಒಂದು ಕಂಚಿನ ಎತ್ತು ಸಿಕ್ಕಿತು. ಉದ್ದ 38 ಸೆಂಟಿಮೀಟರ್, ಎತ್ತರ 24. ದುಂಡು ಮೈ, ಮೋಟು ಕಾಲು, ಮುಂದಕ್ಕೆ ಚಾಚಿದ ಮುಖ. ನಮ್ಮ ಎತ್ತಿಗಿರುವ ಇಣಿ ಅದಕ್ಕಿಲ್ಲ. ಬೆನ್ನ ಮೇಲೊಂದು ಮುಚ್ಚಳ, ಆ ಮುಚ್ಚಳದ ಮೇಲೆ ಹಿಡಿಕೆಯಾಗಿ ನಿಂತಿರುವ ಪುಟ್ಟ ಹುಲಿ. ಬಾಲ ಬಾಗಿ ಹಿಂಬದಿಯ ಹಿಡಿಯಾಗಿದೆ. ಬೆನ್ನಿನಿಂದ ಮದ್ಯ ತುಂಬಿ ವಾಲಿಸಿದರೆ ಬಾಯಿಂದ ಸುರಿಯುತ್ತದೆ. ಪಶ್ಚಿಮ ಝೌ ಅರಸರ ಕಾಲದ್ದು, ಅಂದರೆ ಹೆಚ್ಚುಕಡಿಮೆ 3,000 ವರ್ಷ ಹಳೆಯದು. ಇಂಥ ಪಾತ್ರೆಗಳಿಗೆ ಚೀನಿಯರು ಝೂನ್ ಎನ್ನುತ್ತಾರೆ. ಹಿರಿಯರಿಗೆ, ಅಂದರೆ ಸತ್ತು ದೇವರಾದವರಿಗೆ, ಮದ್ಯ ಅರ್ಪಿಸುವ ಪಾತ್ರೆ ಅದು.

ಈ ಎತ್ತನ್ನು ನಾನು ನೋಡಿರುವುದು ಚಿತ್ರದಲ್ಲಿ ಮಾತ್ರ. ನನ್ನ ಸಂಶೋಧನೆ ಇರುವುದು ಚೀನಾದ ಬಗ್ಗೆ ಅಲ್ಲ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಸುರಪುರ ದೋಆಬಿನ ನವಶಿಲಾಯುಗದ ದನಗಾಹಿಗಳು ನನ್ನ ವಿಷಯ. ಸುರಪುರ, ಶಹಾಪುರ ಎರಡೂ ಈ ದೋಆಬಿನೊಳಗಿವೆ, ಯಾದಗಿರಿ ಪಟ್ಟಣ ಭೀಮೆಯ ಆಚೆ ದಂಡೆಗಿದೆ. ಚೀನಾದ ಎತ್ತು ನನ್ನ ತಲೆಗೆ ಹೊಕ್ಕಿದ್ದು ಒಂದು ವಿಚಾರ ಸಂಕಿರಣದಲ್ಲಿ. ನಾನು ಪ್ರಬಂಧ ಮಂಡಿಸಿ ಕೂತ ಮೇಲೆ ಹಿರಿಯರೊಬ್ಬರು ಈ ಚಿತ್ರವನ್ನೇ ಪರದೆ ಮೇಲೆ ತೋರಿಸಿ, ನಗುತ್ತಲೇ ಕೇಳಿದರು: "ಅವರು ಇದನ್ನು ಮಾಡುವ ಹೊತ್ತಿಗೆ ನಿಮ್ಮ ಸುರಪುರದವರು ಏನು ಮಾಡಿಟ್ಟಿದ್ದಾರೆ? ನಿಮ್ಮ ಸೀಮೆಗೆ ಕಂಚಿನ ಯುಗವೇ ಇಲ್ಲವಲ್ಲ." ಸಭೆಯೂ ನಕ್ಕಿತು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ದಕ್ಷಿಣ ಭಾರತದಲ್ಲಿ ಕಲ್ಲಿನ ಕಾಲದಿಂದ ಕಬ್ಬಿಣದ ಕಾಲಕ್ಕೆ ಹೆಚ್ಚುಕಡಿಮೆ ನೇರವಾಗಿ ದಾಟಿದರು ಎಂದೇ ಪಠ್ಯಪುಸ್ತಕಗಳೂ ಹೇಳುತ್ತವೆ. ಆದರೆ ಕಂಚಿನ ಯುಗ ಎಂಬ ಮನೆ ಖಾಲಿಯಿದ್ದರೆ ಆ ಸೀಮೆಯೇ ಖಾಲಿಯಿತ್ತೇನೋ ಎಂಬ ಧಾಟಿ ಆ ನಗೆಯಲ್ಲಿತ್ತು. ಅವತ್ತಿನಿಂದ ಎರಡೂ ಕಡೆಯ ದನಗಳನ್ನು ಪಕ್ಕಪಕ್ಕಕ್ಕೆ ಕಟ್ಟಿ ನೋಡುವ ಚಟ ನನಗೆ ಅಂಟಿಕೊಂಡಿದೆ.

ಮೊದಲು ಚೀನಾದ ಹಟ್ಟಿಯನ್ನೇ ನೋಡೋಣ. 1976ರಲ್ಲಿ ಆನ್‌ಯಾಂಗ್ ಬಳಿ ಫೂ ಹಾವ್ ಎಂಬ ರಾಣಿಯ ಸಮಾಧಿ ತೆರೆಯಿತು. ಕ್ರಿ.ಪೂ. 1200ರ ಸುಮಾರಿನಲ್ಲಿ ಆಳಿದ ಶಾಂಗ್ ದೊರೆ ವೂ ಡಿಂಗನ ಹೆಂಡತಿ ಈಕೆ, ಸೇನೆ ನಡೆಸಿದವಳು. ಕಳ್ಳರ ಕೈ ಸೋಕದೆ ಉಳಿದಿದ್ದ ಆ ಒಂದೇ ಗುಂಡಿಯಲ್ಲಿ 468 ಕಂಚಿನ ವಸ್ತುಗಳಿದ್ದವು. ಎಲ್ಲ ಸೇರಿ ಒಂದೂವರೆ ಟನ್ನಿಗೂ ಹೆಚ್ಚು ಲೋಹ. ಅವುಗಳಲ್ಲಿ ಗೂಬೆಯಾಕಾರದ ಒಂದು ಜೋಡಿ ಪಾತ್ರೆಗಳಿವೆ, ಒಂದೊಂದೂ ಮೊಳದಷ್ಟು ಎತ್ತರ. ಎರಡು ಕಾಲು ಮತ್ತು ಬಾಲದ ಮೇಲೆ ಭಾರ ಹಾಕಿ, ಎದೆಯುಬ್ಬಿಸಿ ನಿಂತಿವೆ. ನಮ್ಮಲ್ಲಿ ಗೂಬೆ ಮನೆ ಮೇಲೆ ಕೂತರೆ ಅಪಶಕುನ. ಅಲ್ಲಿ ಅದು ರಾಣಿಯ ಜೊತೆ ನೆಲದೊಳಗೆ ಹೋಗುವಷ್ಟು ಮಾನದ ಹಕ್ಕಿ.

ಹುನಾನ್ ಪ್ರಾಂತ್ಯದ ಲೀಲಿಂಗಿನಲ್ಲಿ 1975ರಲ್ಲಿ ಸಿಕ್ಕ ಆನೆಗೆ ಸೊಂಡಿಲೇ ಪಾತ್ರೆಯ ಬಾಯಿ. ಈಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಘೇಂಡಾಮೃಗದ ಮೈಮೇಲೆ ಒಂದು ಗೆರೆಯ ಅಲಂಕಾರವೂ ಇಲ್ಲ. ಬರೀ ಮಡಿಕೆಬಿದ್ದ ಚರ್ಮ, ಚಿಕ್ಕ ಕಿವಿ, ತಗ್ಗಿಸಿದ ತಲೆ. ಪಾತ್ರೆಯ ಒಳಗೆ 27 ಅಕ್ಷರಗಳ ಬರಹವಿದೆ: ದಂಡಯಾತ್ರೆಯ ಕಾಲದಲ್ಲಿ ದೊರೆಯು ಯೂ ಎಂಬ ಅಧಿಕಾರಿಗೆ ಕವಡೆಗಳನ್ನು ಕೊಟ್ಟನಂತೆ. ಆ ಗೌರವದ ನೆನಪಿಗೆ ಈ ಪಾತ್ರೆ. ಇವತ್ತು ಉತ್ತರ ಚೀನಾದಲ್ಲಿ ಆನೆಯಾಗಲಿ ಘೇಂಡಾಮೃಗವಾಗಲಿ ಇಲ್ಲ. ಆನ್‌ಯಾಂಗ್ ಇರುವ ಹೆನಾನ್ ಪ್ರಾಂತ್ಯದ ಸಂಕ್ಷಿಪ್ತ ಹೆಸರು 'ಯೂ'. ಅದನ್ನು ಬರೆಯುವ ಅಕ್ಷರದೊಳಗೆ ಮಾತ್ರ ಇವತ್ತಿಗೂ ಒಂದು ಆನೆ ನಿಂತಿದೆ. ಕಾಡು ಹೋಯಿತು, ಆನೆ ದಕ್ಷಿಣಕ್ಕೆ ಸರಿಯಿತು, ಪಾತ್ರೆ ಮತ್ತು ಅಕ್ಷರ ಉಳಿದವು.

ನನಗೆ ಇವೆಲ್ಲಕ್ಕಿಂತ ಹತ್ತಿರವೆನಿಸುವುದು ಒಂದು ಕುದುರೆಮರಿ. 1955ರಲ್ಲಿ, ಚೀಶಾನಿನ ನೆರೆಯ ಮೆಯ್ ಸೀಮೆಯಲ್ಲಿ ಸಿಕ್ಕಿದ್ದು. ಕಿವಿ ನೆಟ್ಟಗಾಗಿಸಿಕೊಂಡು, ತುಸು ಪೆದ್ದುಪೆದ್ದಾಗಿ ನಿಂತಿರುವ ಮರಿ. ಅದರ ಎದೆಯ ಮೇಲೆ ಉದ್ದನೆಯ ಬರಹವಿದೆ. ಮರಿಗಳನ್ನು ಹಿಡಿದು ಪಳಗಿಸಲು ತೆಗೆದುಕೊಳ್ಳುವ ಆಚರಣೆಯಲ್ಲಿ ದೊರೆಯೇ ಖುದ್ದಾಗಿ ಪಾಲ್ಗೊಂಡು, ಲೀ ಎಂಬವನಿಗೆ ಮರಿಗಳನ್ನು ಕೊಟ್ಟ ಎಂಬುದು ಅದರ ಸಾರ. ಹೋರಿಗರುವಿಗೆ ಮೊದಲ ಸಲ ಮೂಗುದಾರ ಹಾಕುವ ದಿನ, ಮೊದಲ ಸಲ ನೊಗ ಹೊರಿಸುವ ದಿನ ನಮ್ಮ ಹೊಲದ ಮನೆಗಳಲ್ಲಿ ಎಷ್ಟು ದೊಡ್ಡ ದಿನ ಎಂದು ಕಂಡವರಿಗೆ ಈ ಬರಹವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಅಂಥ ದಿನಕ್ಕೆ ದೊರೆ ಬಂದ, ಅಕ್ಷರ ಬಲ್ಲವನು ಬಂದ, ಎರಕದವನು ಬಂದ. ನಮ್ಮಲ್ಲಿ ಮನೆಯವರು ಅರಿಶಿನ ಕುಂಕುಮ ಹಚ್ಚಿದರು, ಹೋಳಿಗೆ ತಿನ್ನಿಸಿದರು, ಸಂಜೆಯಾಯಿತು.

ಶಾಂಗ್ ಜನರೂ ದನದ ಜನರೇ. ಹಿರಿಯರಿಗೆ ಬಲಿ ಕೊಡುವಾಗ ಒಮ್ಮೊಮ್ಮೆ ನೂರಾರು ದನಗಳನ್ನು ಕಡಿಯುತ್ತಿದ್ದರು ಎಂದು ಅವರ ಬರಹಗಳೇ ಹೇಳುತ್ತವೆ. ಆ ಬರಹಗಳು ಇರುವುದೂ ಆಮೆಯ ಚಿಪ್ಪಿನ ಮೇಲೆ ಮತ್ತು ದನದ ಹೆಗಲೆಲುಬಿನ ಮೇಲೆ. ಎಲುಬಿಗೆ ಕಾವು ಕೊಟ್ಟು, ಅದು ಬಿರಿದ ಗೆರೆಯನ್ನು ಓದಿ, ಮಳೆ ಬರುತ್ತದೋ ಇಲ್ಲವೋ, ರಾಣಿಗೆ ಹೆರಿಗೆ ಸಲೀಸೋ ಕಷ್ಟವೋ ಎಂದು ಕೇಳುತ್ತಿದ್ದರು. ದನದ ಮಾಂಸ ಹಿರಿಯರಿಗೆ, ದನದ ಎಲುಬು ಪ್ರಶ್ನೆಗೆ, ದನದ ಆಕಾರ ಪಾತ್ರೆಗೆ. ಹೀಗೆ ಪ್ರಾಣಿಯೊಂದು ಬದುಕಿರುವವರ ಮತ್ತು ಸತ್ತವರ ನಡುವೆ ಓಡಾಡುವ ಬಂಡಿಯಾಯಿತು. ಅದು ಹೊತ್ತಿದ್ದು ಮದ್ಯವನ್ನು ಮಾತ್ರವಲ್ಲ, ಮನೆತನದ ಹೆಸರನ್ನು. ಈ ಕಂಚನ್ನು ಮಕ್ಕಳು, ಮೊಮ್ಮಕ್ಕಳು ಕಾಪಾಡಿಕೊಳ್ಳಲಿ ಎಂಬ ಮಾತು ಝೌ ಕಾಲದ ಎಷ್ಟೋ ಬರಹಗಳ ಕೊನೆಗೆ ಬರುವುದು ಇದೇ ಕಾರಣಕ್ಕೆ.

ಇವನ್ನು ಹೇಗೆ ಮಾಡುತ್ತಿದ್ದರು ಎಂಬುದು ನಮಗೆ ಮುಖ್ಯ. ಮೊದಲು ಮಣ್ಣಿನಲ್ಲಿ ಪ್ರಾಣಿಯ ಮಾದರಿ ಮಾಡಬೇಕು. ಅದು ಒಣಗಿದ ಮೇಲೆ ಸುತ್ತಲೂ ಹಸಿ ಮಣ್ಣು ಒತ್ತಿ, ಆ ಮಣ್ಣನ್ನು ತುಂಡುತುಂಡಾಗಿ ಕೊಯ್ದು ಬಿಡಿಸಿಕೊಳ್ಳಬೇಕು. ಅವು ಹೊರ ಅಚ್ಚು. ಒಳಗಿನ ಟೊಳ್ಳಿಗಾಗಿ ಮತ್ತೊಂದು ಮಣ್ಣಿನ ಗಟ್ಟಿ. ಮಾದರಿಯನ್ನೇ ಮೇಲ್ಮೈ ಹೆರೆದು ಸಣ್ಣಗೆ ಮಾಡಿ ಅದನ್ನು ಪಡೆಯುವುದೂ ಇತ್ತು. ತುಂಡುಗಳನ್ನು ಸುಟ್ಟು, ಒಳಗಟ್ಟಿಯ ಸುತ್ತ ಮತ್ತೆ ಜೋಡಿಸಿ, ನಡುವಿನ ಸಂದಿನಲ್ಲಿ ಕರಗಿದ ಕಂಚು ಹೊಯ್ಯುತ್ತಿದ್ದರು. ತಣಿದ ಮೇಲೆ ಮಣ್ಣನ್ನು ಒಡೆದು ಎಸೆಯುತ್ತಿದ್ದರು. ಆನ್‌ಯಾಂಗಿನ ಎರಕದ ಕಟ್ಟೆಗಳಲ್ಲಿ ಇಂಥ ಒಡಕು ಅಚ್ಚುಗಳ ರಾಶಿಗಳೇ ಸಿಕ್ಕಿವೆ. ನಮ್ಮ ಕಡೆ ಮುಂದೆ ಬೆಳೆದದ್ದು ಮೇಣದ ದಾರಿ: ಮೇಣದ ಮೂರ್ತಿಗೆ ಮಣ್ಣು ಮೆತ್ತಿ, ಮೇಣ ಕರಗಿಸಿ ಹರಿಸಿ, ಆ ಜಾಗಕ್ಕೆ ಲೋಹ ಹೊಯ್ಯುವುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' 12ನೆಯ ಶತಮಾನದಲ್ಲಿ ಅದನ್ನು ವಿವರವಾಗಿ ಹೇಳುತ್ತದೆ. ಚೀನಾದ ದಾರಿಯ ವಿಶೇಷವೆಂದರೆ, ಅಲ್ಲಿ ಪ್ರತಿ ಕಂಚಿನ ಎತ್ತೂ ಮೊದಲು ಮಣ್ಣೆತ್ತಾಗಿತ್ತು. ಯಾರದೋ ಹೆಬ್ಬೆರಳು ಮಣ್ಣನ್ನು ಒತ್ತಿ ಇದು ಮೂತಿ, ಇದು ಗಂಗೆದೊಗಲು ಎಂದು ತೀಡಿದ ಮೇಲೆಯೇ ಕಂಚಿನ ಸರದಿ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಕಾಣುವುದು ಎರಡನೆಯ ಎತ್ತು. ಮೊದಲನೆಯದು ಕಸದ ರಾಶಿಗೆ ಹೋಯಿತು.

ಈಗ ನಮ್ಮ ಕಡೆ ಬರೋಣ. ಯಾದಗಿರಿ ಜಿಲ್ಲೆಗೆ ಇತಿಹಾಸ ನೋಡಲು ಬರುವವರು ಸಾಮಾನ್ಯವಾಗಿ ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಫೋಟೊ ತೆಗೆಯುತ್ತಾರೆ, ಸುರಪುರದಲ್ಲಿ ಮೆಡೋಸ್ ಟೇಲರನ ಬಂಗಲೆ ನೋಡುತ್ತಾರೆ, ಹಾಗೇ ಭೀಮೆಯ ದಂಡೆ ಹಿಡಿದು ಪಕ್ಕದ ಜಿಲ್ಲೆಯ ಸನ್ನತಿಗೆ ಹೋಗುತ್ತಾರೆ. ಟೇಲರ್ ಸುರಪುರದ ಆಡಳಿತ ನೋಡಿಕೊಳ್ಳುತ್ತಿದ್ದಾಗ ರಾಜನಕೋಳೂರಿನ ಕಲ್ಮನೆಗಳನ್ನು ಅಳೆದು ಬರೆದಿಟ್ಟ. ಆ ಮಟ್ಟಿಗೆ ನಮ್ಮ ಸೀಮೆ 19ನೆಯ ಶತಮಾನದಲ್ಲೇ ಪುರಾತತ್ವದ ಪುಸ್ತಕ ಸೇರಿತ್ತು. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನೆಟ್ಟ ಗುಂಡುಗಳಿವೆ. ಇವೆಲ್ಲ ಕಣ್ಣಿಗೆ ಕಾಣುವಂಥವು. ಬೂದಿಹಾಳದ ದಿಬ್ಬ ಹಾಗಲ್ಲ. ಅದರ ಮುಂದೆ ನಿಂತು ಇದೇನು ಎಂದು ಯಾರಾದರೂ ಹೇಳಬೇಕು.

ಊರಿನ ಹೆಸರಿನಲ್ಲೇ ಬೂದಿಯಿದೆ. (ವಿಭೂತಿಹಳ್ಳಿಯಲ್ಲೂ ಇದೆ, ಆದರೆ ಹೆಸರಿನ ಬೆನ್ನುಹತ್ತಿ ಅದನ್ನೂ ಈ ಸಾಲಿಗೆ ಎಳೆಯುವುದು ಬೇಡ.) ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ನಮ್ಮ ದೋಆಬನ್ನು ಕಾಲ್ನಡಿಗೆಯಲ್ಲಿ ಸುತ್ತಿದವರು. 1960ರ ದಶಕದಲ್ಲಿ ಕೊಡೇಕಲ್ಲಿನ ಬೂದಿದಿಬ್ಬವನ್ನು, 1990ರ ದಶಕದಲ್ಲಿ ಬೂದಿಹಾಳವನ್ನು ಅವರು ಅಗೆದರು. ಬೂದಿಹಾಳದಲ್ಲಿ ಜನ ಇದ್ದದ್ದು ಸ್ಥೂಲವಾಗಿ ಕ್ರಿ.ಪೂ. 2300ರಿಂದ 1700ರವರೆಗೆ, ಅಂದರೆ ಫೂ ಹಾವ್ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲು. ಅಲ್ಲಿ ದನದ ದೊಡ್ಡಿ ಇತ್ತು, ಪಕ್ಕದಲ್ಲಿ ಮನೆಗಳಿದ್ದವು, ಕಲ್ಲಿನ ಅಲಗು ಮಾಡುವ ಕಟ್ಟೆ ಇತ್ತು, ಮಕ್ಕಳನ್ನು ಹೂಳಿದ ಗಡಿಗೆಗಳಿದ್ದವು. ದನ ಕಡಿದು ಪಾಲು ಹಾಕುತ್ತಿದ್ದ, ಮೂಳೆಗಳು ಹರಡಿದ್ದ ನೆಲವೂ ಇತ್ತು. ಒಂದು ಮನೆಯ ಊಟಕ್ಕೆ ಅಷ್ಟು ದೊಡ್ಡ ನೆಲ ಬೇಕಿಲ್ಲ. ಸುತ್ತಲಿನ ಗುಂಪುಗಳು ವರ್ಷದ ಕೆಲವು ದಿನ ಕೂಡಿ ಉಣ್ಣುತ್ತಿದ್ದ ಜಾಗ ಇದು ಎಂದು ಓದುವವರಿದ್ದಾರೆ. ನಮ್ಮ ಜಾತ್ರೆಗಳನ್ನು ಕಂಡ ನನಗೆ ಆ ಓದು ಸರಿಯೆನಿಸುತ್ತದೆ.

ದಿಬ್ಬ ಮಾತ್ರ ಸಗಣಿಯದು. ದೊಡ್ಡಿಯಲ್ಲಿ ಬಿದ್ದ ಸಗಣಿಯನ್ನು ಒಟ್ಟಿ, ಬೆಂಕಿಯಿಟ್ಟು, ಮತ್ತೆ ಅದರ ಮೇಲೆ ಒಟ್ಟಿ, ಮತ್ತೆ ಸುಟ್ಟು, ಪದರದ ಮೇಲೆ ಪದರ ತಲೆಮಾರುಗಟ್ಟಲೆ ಬೆಳೆಸಿದ್ದು. ಕೆಲವು ಕಡೆ ಕಾವು ಎಷ್ಟಿತ್ತೆಂದರೆ ಬೂದಿ ಕರಗಿ ಗಾಜಿನ ಕಿಟ್ಟದಂತೆ ಗಡುಸಾಗಿದೆ. ಇಂಥ ದಿಬ್ಬಗಳು ಬಳ್ಳಾರಿ, ರಾಯಚೂರು, ಸುರಪುರ ಸೀಮೆಯಿಂದ ಆಂಧ್ರ, ತೆಲಂಗಾಣದವರೆಗೂ ಹರಡಿವೆ. ಜನ ಇವನ್ನು ರಾಕ್ಷಸರನ್ನು ಸುಟ್ಟ ಬೂದಿ ಎಂದರು. ಹಂಪಿಯ ಬಳಿಯ ನಿಂಬಾಪುರದ್ದು ವಾಲಿಯ ಚಿತೆಯಂತೆ. ಸಾಹೇಬರು ಜ್ವಾಲಾಮುಖಿ ಎಂದರು, ಇಟ್ಟಿಗೆ ಭಟ್ಟಿ ಎಂದರು, ಲೋಹ ಕರಗಿಸಿದ ಕಿಟ್ಟ ಎಂದೂ ಅಂದರು. ಈ ಕೊನೆಯ ಊಹೆ ನನಗೆ ಇಷ್ಟ. ಇಷ್ಟು ದೊಡ್ಡ ಬೆಂಕಿ ಹಾಕಿದವರು ಲೋಹಕ್ಕಾಗಿಯೇ ಹಾಕಿರಬೇಕು ಎಂದು ಅವರಿಗೆ ಅನಿಸಿತ್ತು. ಸಗಣಿಗಾಗಿ ಯಾರಾದರೂ ಇಷ್ಟು ಶ್ರಮ ಪಡುತ್ತಾರೆಯೇ? ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲೇ ಸಗಣಿ ಎಂದಿದ್ದ. 1960ರಲ್ಲಿ ಝಾಯ್ನರ್ ಎಂಬ ವಿಜ್ಞಾನಿ ಬೂದಿಯನ್ನು ಪರೀಕ್ಷಿಸಿ ಅದನ್ನೇ ಗಟ್ಟಿಮಾಡಿದರು. ಈಗ ತೆಲಂಗಾಣದಲ್ಲಿರುವ ಉತ್ನೂರಿನ ದಿಬ್ಬವನ್ನು 1957ರಲ್ಲಿ ಅಗೆದ ರೇಮಂಡ್ ಆಲ್ಚಿನ್ ಅವರಿಗೆ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ನಾಲ್ಕು ಸಾವಿರ ವರ್ಷ ಹಿಂದೆ ಕೆಸರಲ್ಲಿ ಕಾಲಿಟ್ಟು ಹೋದ ದನ.

ಸುಟ್ಟದ್ದು ಯಾಕೆ ಎಂಬ ಪ್ರಶ್ನೆ ಇನ್ನೂ ಜೀವಂತ. ಹೋಳಿಗೆ, ದೀಪಾವಳಿಗೆ, ಸಂಕ್ರಾಂತಿಗೆ ಬೆಂಕಿ ಹಾಕುವುದನ್ನೂ, ದನಗಳನ್ನು ಕಿಚ್ಚು ಹಾಯಿಸುವುದನ್ನೂ ಆಲ್ಚಿನ್ ನೆನೆದರು. ರೋಗ, ಉಣ್ಣೆ, ನೊಣ ಓಡಿಸಲು ಎನ್ನುವವರೂ ಇದ್ದಾರೆ. ಪೀಟರ್ ಜೊಹಾನ್ಸನ್ ಎಂಬ ಪುರಾತತ್ವಜ್ಞರು ಈ ದಿಬ್ಬಗಳನ್ನು ಕಸದ ಗುಡ್ಡೆ ಎಂದು ನೋಡದೆ, ಬೇಕೆಂದೇ ಎತ್ತರಿಸಿದ ಸ್ಮಾರಕಗಳು ಎಂದು ನೋಡಬೇಕು ಎನ್ನುತ್ತಾರೆ. ನಾನು ಅವರ ಕಡೆ. ಎಲ್ಲ ದನವೂ ಸಗಣಿ ಹಾಕುತ್ತದೆ, ಆದರೆ ಎಲ್ಲ ದನಗಾಹಿಗಳೂ ಅದನ್ನು ಒಂದೇ ಜಾಗದಲ್ಲಿ ತಲೆಮಾರುಗಟ್ಟಲೆ ಒಟ್ಟುವುದಿಲ್ಲ. ದೂರದಿಂದ ಕಾಣುವ ಬೆಂಕಿ, ದೂರದಿಂದ ಕಾಣುವ ದಿಬ್ಬ: ನಮ್ಮ ಹತ್ತಿರ ಇಷ್ಟು ದನ ಇದ್ದವು, ನಮ್ಮ ಹಿರಿಯರ ಹತ್ತಿರವೂ ಇದ್ದವು ಎಂದು ಹೇಳುವುದಕ್ಕೆ ಅದಕ್ಕಿಂತ ನೇರವಾದ ದಾರಿ ಯಾವುದಿದೆ?

ಲೋಹದ ಪರಿಚಯವೇ ಇರಲಿಲ್ಲ ಎನ್ನುವಂತೆಯೂ ಇಲ್ಲ. ತೆಕ್ಕಲಕೋಟೆಯಲ್ಲಿ, ಹಳ್ಳೂರಿನಲ್ಲಿ ತಾಮ್ರದ ಕೊಡಲಿಗಳು ಸಿಕ್ಕಿವೆ. ರಾಯಚೂರು ಜಿಲ್ಲೆಯ ಕಲ್ಲೂರಿನಲ್ಲಿ ತಾಮ್ರದ ಕತ್ತಿಗಳು ಸಿಕ್ಕಿವೆ. ಸುರಪುರ ತಾಲೂಕಿನ ತಿಂಥಣಿಯ ನೆಲದಲ್ಲಿಯೇ ತಾಮ್ರದ ಅದಿರಿದೆ, ಕಳೆದ ಶತಮಾನದಲ್ಲಿ ಅದನ್ನು ತೋಡಿಯೂ ಇದ್ದಾರೆ. ಆ ಊರು ಮೌನೇಶ್ವರನ ಊರು. ವಿಶ್ವಕರ್ಮರ ಕುಲದಿಂದ ಬಂದ ಸಂತನ ಜಾತ್ರೆ ತಾಮ್ರದ ನೆಲದ ಮೇಲೆ ನಡೆಯುವುದು ಕಾಕತಾಳೀಯವೇ ಇರಬಹುದು, ಆದರೂ ಹೇಳದೆ ಬಿಡಲು ಮನಸ್ಸಿಲ್ಲ. ದಖನ್ನಿನಲ್ಲಿ ಲೋಹದ ಪ್ರಾಣಿಗಳೂ ಇದ್ದವು: 1974ರಲ್ಲಿ ಮಹಾರಾಷ್ಟ್ರದ ಪ್ರವರಾ ನದಿ ದಂಡೆಯ ದೈಮಾಬಾದಿನಲ್ಲಿ ಮರದ ಬೇರು ಅಗೆಯುತ್ತಿದ್ದ ರೈತನಿಗೆ ನಾಲ್ಕು ವಸ್ತುಗಳು ಸಿಕ್ಕವು. ಆನೆ, ಘೇಂಡಾಮೃಗ, ಎಮ್ಮೆ ಮತ್ತು ಎತ್ತು ಕಟ್ಟಿದ ರಥ. ಒಟ್ಟು ತೂಕ 60 ಕಿಲೋ ದಾಟುತ್ತದೆ. ಅವುಗಳ ಕಾಲದ ಬಗ್ಗೆ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಅವು ಪಾತ್ರೆಗಳಲ್ಲ, ಗಟ್ಟಿ ಎರಕದ ಗೊಂಬೆಗಳು. ಎಳೆದು ಮೆರವಣಿಗೆ ಮಾಡುವುದಕ್ಕೋ ಏನೋ ಗಾಲಿಯಿಟ್ಟಿದ್ದಾರೆ.

ಹಾಗಾದರೆ ಕೃಷ್ಣೆಯ ದಂಡೆಯವರು ದನವನ್ನು ಲೋಹದಲ್ಲಿ ಯಾಕೆ ಎರೆಯಲಿಲ್ಲ? ಒಂದು ಗೋರಿಯೊಳಗೆ ಒಂದೂವರೆ ಟನ್ ಕಂಚು ಇಳಿಸಬೇಕಾದರೆ ಗಣಿ ತೋಡುವವರು, ತವರ ತರುವವರು, ಇದ್ದಿಲು ಸುಡುವವರು, ಅವರೆಲ್ಲರಿಗೂ ಕೂಳು ಹಾಕಿ ಹೆದರಿಸಿ ದುಡಿಸುವ ಅರಮನೆ ಬೇಕು. ಶಾಂಗ್ ದೊರೆಗಳ ಗೋರಿಗಳಲ್ಲಿ ಕಂಚಿನ ಜೊತೆ ಕಡಿದ ಮನುಷ್ಯರೂ ಇದ್ದಾರೆ. ಫೂ ಹಾವ್ ಜೊತೆಗೇ 16 ಜನ ಹೋದರು. ಕಂಚಿನ ಯುಗ ನಿಮಗಿಲ್ಲವಲ್ಲ ಎಂದು ನಕ್ಕವರಿಗೆ ಈ ಸಂಖ್ಯೆಯನ್ನೂ ಪರದೆ ಮೇಲೆ ಹಾಕಬಹುದಿತ್ತು. ಬೂದಿಹಾಳದಲ್ಲಿ ಅರಮನೆಯಿಲ್ಲ. ಅಲ್ಲಿ ಸಂಪತ್ತು ನಡೆದಾಡುತ್ತಿತ್ತು, ಮೇಯುತ್ತಿತ್ತು, ಈಯುತ್ತಿತ್ತು. ಅದರ ಚಿತ್ರ ಬೇಕೆನಿಸಿದಾಗ ಅವರು ಬಂಡೆಯ ಮೇಲೆ ಕುಟ್ಟಿ ಬಿಡಿಸಿದರು. ಪಿಕಳಿಹಾಳ, ಮಸ್ಕಿ, ಕುಪ್ಪಗಲ್ಲಿನ ಬಂಡೆಗಳ ಮೇಲೆ ಇಣಿಯುಬ್ಬಿದ, ಉದ್ದ ಕೋಡಿನ ದನಗಳು ಇಂದಿಗೂ ಇವೆ. ಅಥವಾ ಮಣ್ಣಿನಲ್ಲಿ ಒತ್ತಿದರು. ಆಲ್ಚಿನ್ ಪಿಕಳಿಹಾಳದಲ್ಲಿ ಕಂಡ ಇಣಿಯಿರುವ ಮಣ್ಣಿನ ಹೋರಿಗಳು ಅಂಗೈಯಲ್ಲಿ ಹಿಡಿಸುವಂಥವು. ಕಣ್ಣಿಲ್ಲ, ಬಾಯಿಲ್ಲ. ಇಣಿ ಮತ್ತು ಕೋಡು ಇದ್ದರೆ ಎತ್ತು ಎಂದು ಗೊತ್ತಾಗುತ್ತದೆ, ಅಷ್ಟು ಸಾಕು.

ಈ ಅಂಗೈಯಗಲದ ಎತ್ತು ನಮ್ಮ ಕಡೆ ಯಾರಿಗೂ ಹೊಸದಲ್ಲ. ಕಾರಹುಣ್ಣಿಮೆಗೆ ನಿಜವಾದ ಎತ್ತುಗಳ ಮೈ ತೊಳೆದು, ಬಣ್ಣ ಬಳಿದು, ಕರಿ ಹರಿಸಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮವಾಸ್ಯೆ ಬರುತ್ತದೆ. ಎರೆಮಣ್ಣು ತಂದು ಮನೆಯಲ್ಲೇ ಜೋಡೆತ್ತು ಮಾಡುತ್ತಾರೆ, ಇಲ್ಲವೇ ಕುಂಬಾರರ ಮನೆಯಿಂದ ತರುತ್ತಾರೆ. ಅವುಗಳ ಮುಂದೆ ಮಣ್ಣಿನದೇ ಗ್ವಾದಲಿ. ಕೋಡಿಗೆ ಬಣ್ಣ, ಮೈಗೆ ಬಣ್ಣದ ಕಾಗದ, ಎಡೆಗೆ ಹೋಳಿಗೆ. ಮೇವು ಹಾಕುವ ಆ ಗ್ವಾದಲಿಯನ್ನು ನೋಡಿದಾಗೆಲ್ಲ ನನಗೆ ಚೀಶಾನಿನ ಎತ್ತು ನೆನಪಾಗುತ್ತದೆ. ಅಲ್ಲಿ ಎತ್ತೇ ಪಾತ್ರೆ. ಅದರೊಳಗಿರುವುದು ಹಿರಿಯರಿಗೆ ಸಲ್ಲಬೇಕು. ಇಲ್ಲಿ ಪಾತ್ರೆ ಎತ್ತಿನ ಮುಂದಿದೆ. ಅದರೊಳಗಿರುವುದು ಎತ್ತಿಗೇ ಸಲ್ಲಬೇಕು. ನಾಲ್ಕು ಸಾವಿರ ವರ್ಷದಿಂದ ಇದು ಒಂದೇ ಸಮ ನಡೆದುಬಂದಿದೆ ಎಂದು ನಾನು ಬರೆಯುವುದಿಲ್ಲ. ಪಿಕಳಿಹಾಳದ ಹೋರಿ ಆಟಿಕೆಯೋ ದೇವರೋ ಎಂಬುದನ್ನೇ ಹೇಳಲಾಗದಿರುವಾಗ ಅಂಥ ಸರಪಳಿ ಕಟ್ಟುವುದು ಹಬ್ಬದ ಭಾಷಣಕ್ಕೆ ಸರಿ, ಪ್ರಬಂಧಕ್ಕಲ್ಲ. ಅದೇ ನೆಲದಲ್ಲಿ, ಅದೇ ಪ್ರಾಣಿಯನ್ನು, ಅದೇ ಮಣ್ಣಿನಲ್ಲಿ ಮತ್ತೆ ಮಾಡುತ್ತಿದ್ದಾರೆ ಎಂದಷ್ಟೇ ಹೇಳಬಲ್ಲೆ.

ಉಳಿಯುವುದು ಎಂದರೇನು ಎಂಬ ಮಾತೂ ಇಲ್ಲಿ ಬರುತ್ತದೆ. ಕಂಚು ಉಳಿಯುತ್ತದೆ, ಮಣ್ಣು ಕರಗುತ್ತದೆ ಎಂದು ನಾವು ಸಲೀಸಾಗಿ ಹೇಳುತ್ತೇವೆ. ನಮ್ಮ ಮನೆಯ ಹಿತ್ತಾಳೆ ಹಂಡೆ, ತಾಮ್ರದ ಕೊಡ ಎಲ್ಲ ಸ್ಟೀಲಿನ ಪಾತ್ರೆಯವನ ಗಾಡಿ ಹತ್ತಿ ಹೋದವು. ಲೋಹಕ್ಕೆ ಬೆಲೆಯಿದೆ, ಆದ್ದರಿಂದಲೇ ಅದನ್ನು ಕರಗಿಸುತ್ತಾರೆ. ಚೀನಾವನ್ನು ಒಂದುಮಾಡಿದ ಮೇಲೆ ಚಿನ್ ಚಕ್ರವರ್ತಿ ದೇಶದ ಆಯುಧಗಳನ್ನೆಲ್ಲ ತರಿಸಿ ಕರಗಿಸಿ 12 ದೈತ್ಯ ಮೂರ್ತಿಗಳನ್ನು ಎರಕ ಹೊಯ್ಯಿಸಿದನಂತೆ. ಆ ಮೂರ್ತಿಗಳನ್ನೂ ಮುಂದಿನವರು ಕರಗಿಸಿದರು. ಇವತ್ತು ನಾವು ನೋಡುವ ಪ್ರಾಣಿಗಳು ಉಳಿದದ್ದು ಕಂಚಿನವೆಂದಲ್ಲ, ಹೂತಿಟ್ಟಿದ್ದರಿಂದ, ಹೂತಿಟ್ಟದ್ದನ್ನು ಜನ ಮರೆತದ್ದರಿಂದ. ಮೇಲೆ ಬಂದ ಮೇಲೆ ಕಾಪಾಡುವುದು ಕಷ್ಟ. ಹುನಾನಿನಲ್ಲಿ 1938ರಲ್ಲಿ ಹೊಲ ಅಗೆಯುವಾಗ ಸಿಕ್ಕ, ನಾಲ್ಕು ಮೂಲೆಗೂ ಒಂದೊಂದು ಟಗರು ಹೊರಚಾಚಿರುವ 34 ಕಿಲೋ ತೂಕದ ಪಾತ್ರೆ ಯುದ್ಧದ ಬಾಂಬಿಗೆ ಸಿಕ್ಕು ಇಪ್ಪತ್ತಕ್ಕೂ ಹೆಚ್ಚು ಚೂರಾಗಿತ್ತು. ಆಮೇಲೆ ಅದನ್ನು ಬೆಸೆದು ನಿಲ್ಲಿಸಿದರು.

ಬೂದಿದಿಬ್ಬವನ್ನು ಬೆಸೆಯಲಾಗುವುದಿಲ್ಲ. ಬೂದಿ ಒಳ್ಳೆಯ ಗೊಬ್ಬರ ಎಂದು ಜನ ಎಷ್ಟೋ ಕಾಲದಿಂದ ಇವನ್ನು ತೋಡಿ ಹೊಲಕ್ಕೆ ಹೊತ್ತಿದ್ದಾರೆ. ಅದಕ್ಕೆ ಯಾರನ್ನೂ ಬೈಯಲಾರೆ; ಸಗಣಿ ಹೊಲಕ್ಕೆ ಹೋಗುವುದು ಅದರ ಸಹಜ ದಾರಿಯೇ. ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲ ಭತ್ತದ ಗದ್ದೆಯಾಯಿತು, ಏರುತಗ್ಗುಗಳನ್ನು ಸಮ ಮಾಡಿದರು, ದಿಬ್ಬ ಎಂಬುದೇ ಅಡ್ಡಿಯಾಯಿತು. ನಾನು ಕ್ಷೇತ್ರಕಾರ್ಯಕ್ಕೆ ಹೋದ ಒಂದು ಹೊಲದಲ್ಲಿ ದಿಬ್ಬದ ಅರ್ಧ ಭಾಗವನ್ನು ಜೇಸಿಬಿ ಕಚ್ಚಿ ಬಿಟ್ಟಿತ್ತು. ಕಚ್ಚಿದ ಜಾಗದಲ್ಲಿ ಪದರಗಳು ಸ್ಪಷ್ಟವಾಗಿ ಕಾಣುತ್ತಿದ್ದವು: ಬಿಳಿ, ಬೂದು, ಕಪ್ಪು, ಮತ್ತೆ ಬಿಳಿ. ಅಗೆಯುವವರಿಗೆ ಇಂಥ ಸೀಳು ಸಿಕ್ಕರೆ ಹಬ್ಬ, ಅದೇ ದುಃಖದ ಸಂಗತಿ. ಹೊಲದ ಹಿರಿಯರು ನನ್ನ ಅಳತೆಪಟ್ಟಿ ಹಿಡಿದುಕೊಂಡು ನಿಂತು, "ಇದು ಬೂದಿ ಅದ ಅಂತ ನಮಗೂ ಗೊತ್ತದ. ಇದರಾಗ ಏನ್ ಹುಡುಕ್ಲಕತ್ತೀರಿ?" ಎಂದು ಕೇಳಿದರು. ದನ ಎಂದೆ. ಅವರ ಮನೆಯಲ್ಲಿ ಈಗ ಎತ್ತಿಲ್ಲ, ಮೂರು ವರ್ಷದ ಹಿಂದೆ ಕೊಟ್ಟುಬಿಟ್ಟಿದ್ದರು. "ಹಂಗಾದ್ರ ಲಗೂ ಹುಡುಕ್ರಿ," ಎಂದು ನಕ್ಕರು. ಈ ನಗೆ ಸಂಕಿರಣದ ನಗೆಯ ಜಾತಿಯದ್ದಲ್ಲ.

ದನ ಕಡಿಮೆಯಾದರೂ ಮಣ್ಣೆತ್ತು ಕಡಿಮೆಯಾಗಿಲ್ಲ ಎಂದು ನನಗೆ ಹೇಳಿದ್ದು ಸುರಪುರದ ಸಂತೆಯಲ್ಲಿ ಕೂಡುವ ಕುಂಬಾರರ ಹೆಣ್ಣುಮಗಳು. ಎತ್ತು ಇದ್ದವರು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರಂತೆ, ಎತ್ತು ಮಾರಿದವರು ಈಗ ಕೊಂಡುಕೊಳ್ಳುತ್ತಾರಂತೆ. ಬುಟ್ಟಿಯಲ್ಲಿ ಸಾಲಾಗಿ ನಿಂತಿದ್ದ ಹಸಿ ಎತ್ತುಗಳ ಇಣಿಯ ಮೇಲೆ ಅವರ ಹೆಬ್ಬೆರಳಿನ ಗುರುತು ಇನ್ನೂ ಇತ್ತು. "ಅಕ್ಕಾ, ಇವನ್ನ ಯಾಕ ಸುಡಂಗಿಲ್ಲ? ಸುಟ್ರ ಗಟ್ಟಿ ಉಳೀತಾವಲ್ಲ," ಎಂದೆ. "ಸುಟ್ರ ಆಟದ ಸಾಮಾನ ಆಗ್ತದ, ಪೂಜಿಗಿ ನಡಿಯಂಗಿಲ್ಲ," ಎಂದರು. ಮಾರಾಟವಾಗದೆ ಉಳಿದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಅದೇನು ಕೇಳುವ ಮಾತೇ ಎಂಬಂತೆ ನನ್ನ ಮುಖ ನೋಡಿದರು. "ಬಾನಿಯಾಗ ಹಾಕಿ ನೆನಿ ಇಡ್ತೀವಿ. ಮುಂದ ಗುಳ್ಳವ್ವ ಬರ್ತಾಳ, ಆಕಿಗಿ ಮಣ್ಣ ಬೇಕಲ್ಲ. ಆಕಿ ಆದಮ್ಯಾಲ ನಾಗಪ್ಪ, ಗಣಪ್ಪ, ಜೋಕುಮಾರ," ಎನ್ನುತ್ತಲೇ ಒಣಗಿ ಬಿರುಕುಬಿಟ್ಟಿದ್ದ ಒಂದು ಎತ್ತನ್ನು ಎತ್ತಿ ಪಕ್ಕದ ನೀರಿನ ಬೋಗುಣಿಗೆ ಹಾಕಿದರು.